ಹೊಲದ ಹೆಸರಿಗೂ ಬೆಲೆ ಉಂಟು

ಇಟಲಿಯ ಸಿಸಿಲಿ ದ್ವೀಪದಲ್ಲಿರುವ ಎಟ್ನಾ ಇಂದಿಗೂ ಬೆಂಕಿ ಕಾರುವ ಜ್ವಾಲಾಮುಖಿ. ಎತ್ತರ ಸುಮಾರು 3,400 ಮೀಟರ್. 1981ರಲ್ಲಿ ಅದರ ಲಾವಾ ರಂದಾತ್ಸೊ ಪಟ್ಟಣದ ಹತ್ತಿರ ಹರಿದು ದ್ರಾಕ್ಷಿ ತೋಟಗಳನ್ನು ನುಂಗಿತು, ರೈಲು ಹಳಿಯನ್ನೂ ಮುಚ್ಚಿತು. ಹಾಗಂತ ಅಲ್ಲಿಯ ರೈತರು ಬೆಟ್ಟ ಬಿಟ್ಟು ಇಳಿಯಲಿಲ್ಲ. ಕರಿಕಲ್ಲಿನ ಒಡ್ಡು ಹಾಕಿ, ಮಣ್ಣು ತಡೆದು, ಬಳ್ಳಿ ಬೆಳೆಸಿ ಕೆಂಪು ವೈನ್ ಮಾಡುತ್ತಲೇ ಇದ್ದಾರೆ.

ಈ ವೈನಿನ ಮುಖ್ಯ ತಳಿ ನೆರೆಲ್ಲೊ ಮಸ್ಕಲೇಸೆ. 'ಎಟ್ನಾ ರೊಸ್ಸೊ' ಎಂಬ ಹೆಸರು ಬೇಕಾದರೆ ಶೇ. 80ಕ್ಕೆ ಕಡಿಮೆಯಿಲ್ಲದಂತೆ ಈ ತಳಿಯ ಹಣ್ಣೇ ಇರಬೇಕು. ಅಲ್ಲಿಯ ಕಾನೂನೇ ಹಾಗಿದೆ. ಹಣ್ಣು ಮಾಗುವುದು ತಡ, ಅಕ್ಟೋಬರಿನಲ್ಲಿ ಕೊಯ್ಲು.

ಆದರೆ ಬಹುಕಾಲ ಈ ವೈನಿಗೆ ಹೆಸರೇ ಇರಲಿಲ್ಲ ಅನ್ನಿ. ರಿಪೋಸ್ತೊ ಬಂದರಿನಿಂದ ಪೀಪಾಯಿಗಟ್ಟಲೆ ಹೋಗಿ, ಬೇರೆ ಊರಿನ ವೈನುಗಳಲ್ಲಿ ಬೆರೆತು, ಬೇರೆಯವರ ಹೆಸರಿನಲ್ಲಿ ಮಾರಾಟವಾಗುತ್ತಿತ್ತು. 1968ರಲ್ಲಿ ಸರ್ಕಾರದ ಮಾನ್ಯತೆ ಸಿಕ್ಕರೂ ತೋಟಗಳು ಪಾಳು ಬೀಳುವುದು ನಿಲ್ಲಲಿಲ್ಲ. 1988ರಲ್ಲಿ ಬೆನಾಂತಿ ಮನೆತನ, 2000ದ ಸುಮಾರಿಗೆ ಆಂದ್ರೆಯಾ ಫ್ರಾಂಕೆತ್ತಿಯಂಥವರು ಹಳೆಯ ಬಳ್ಳಿಗಳ ಕಡೆ ಕಣ್ಣು ಹಾಯಿಸಿದ ಮೇಲೆ ಗಾಳಿ ತಿರುಗಿತು.

ಅವರು ಕಂಡುಕೊಂಡದ್ದೇನು? ಒಂದೊಂದು ಕಾಲದ ಲಾವಾದಿಂದ ಒಂದೊಂದು ಥರದ ಮಣ್ಣು. ಬದು ದಾಟಿದರೆ ರುಚಿ ಬೇರೆ. ಆ ತುಂಡು ನೆಲಗಳಿಗೆ ರೈತರು ಹಿಂದಿನಿಂದಲೂ ಹೆಸರಿಟ್ಟು ಕರೆಯುತ್ತಿದ್ದರು. 'ಕೊಂತ್ರಾದ' ಅಂದರೆ ಅದೇ. 2011ರಿಂದ ಅಂಥ 133 ಹೆಸರುಗಳನ್ನು ಶೀಶೆಯ ಮೇಲೆ ಅಚ್ಚು ಹಾಕಲು ಅಧಿಕೃತ ಅನುಮತಿ ಬಂತು. ಮುದುಕರ ಬಾಯಲ್ಲಿದ್ದ ಹೆಸರು ಈಗ ಪರದೇಶದ ಪೇಟೆಯಲ್ಲಿ ರೊಕ್ಕ ತರುತ್ತಿದೆ.

ಇದನ್ನು ಗಡಿಯ ಪುಟದಲ್ಲಿ ಬರೆಯುವುದಕ್ಕೆ ಕಾರಣವುಂಟು. ಜತ್ತ, ಅಕ್ಕಲಕೋಟೆ, ಸೊಲ್ಲಾಪುರದ ನೆಲದಡಿಯ ಕರಿಕಲ್ಲೂ ಲಾವಾವೇ. ಸುಮಾರು 6.6 ಕೋಟಿ ವರ್ಷದ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿ ಹರಡಿದ್ದು. ನಮ್ಮ ಎರಿ ಮಣ್ಣು ಅದೇ ಕಲ್ಲು ಕರಗಿ ಆದದ್ದು. ಎಟ್ನಾದ ಮಣ್ಣು ಹೊಸದು, ಮರಳು ಮರಳು; ನಮ್ಮದು ಹಳೆಯದು, ಜಿಗುಟು. ಆದ್ದರಿಂದ ಅಲ್ಲಿಯ ವೈನ್ ಇಲ್ಲಿಯೂ ಆಗುತ್ತದೆಂದು ನಾನು ಹೇಳುತ್ತಿಲ್ಲ. ಊರೂರಿಗೆ ವೈನ್ ಕಾರ್ಖಾನೆ ಬರಲಿ ಎಂಬ ಆಸೆಯೂ ನನಗಿಲ್ಲ.

ನನ್ನ ಮಾತು ಹೆಸರಿನದು. ಜತ್ತ ತಾಲೂಕಿನ ಕನ್ನಡ ರೈತರು ದ್ರಾಕ್ಷಿ ಬೆಳೆದು, ಒಣಗಿಸಿ ಪೇಟೆಗೆ ಒಯ್ಯುತ್ತಾರೆ. ಸಾಂಗ್ಲಿಯ ಒಣದ್ರಾಕ್ಷಿಗೆ ಭೌಗೋಳಿಕ ಗುರುತು ಸಿಕ್ಕಿದೆ, ಸಂತೋಷ. ಆದರೆ ಅದು ಇಡೀ ಜಿಲ್ಲೆಯ ಹೆಸರು. ಊರು, ಹೊಲದ ಹೆಸರು ಎಲ್ಲಿ? ಸಾತ್‌ಬಾರಾ ಉತಾರದಲ್ಲಿ ಹೊಲವನ್ನು ಗುರುತಿಸುವುದು ಗಟ್ ನಂಬರಿನಿಂದ. ಮಡ್ಡಿ ಹೊಲ, ಹಳ್ಳದ ಪಟ್ಟಿ ಎಂಬ ಕನ್ನಡದ ಹೆಸರುಗಳು ಇನ್ನೂ ಹಿರಿಯರ ನಾಲಿಗೆಯ ಮೇಲಿವೆ. ಅವರು ಹೋದರೆ ಅವೂ ಹೋದವು.

ಗಡಿಯ ಕನ್ನಡ ಶಾಲೆಗಳ ಮಾಸ್ತರರು ಮಕ್ಕಳ ಕೈಯಲ್ಲಿ ತಮ್ಮೂರಿನ ಹೊಲಗಳ ಹೆಸರು ಬರೆಸಲಿ. ಕನ್ನಡ ಸಂಘಗಳು ಅವನ್ನು ಅಚ್ಚು ಹಾಕಿಸಲಿ. ಬೆಳೆಗಾರರು ಒಣದ್ರಾಕ್ಷಿಯ ಪೆಟ್ಟಿಗೆಯ ಮೇಲೆ ಊರಿನ ಹೆಸರು, ಹೊಲದ ಹೆಸರು ಬರೆಯಲಿ, ಮರಾಠಿಯ ಜೊತೆಗೆ ಕನ್ನಡದಲ್ಲೂ. ಇದಕ್ಕೆ ಯಾವ ಆಯೋಗದ ವರದಿಯೂ ಬೇಕಿಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ. ಸೀಮೆಯ ವಾದ ದಿಲ್ಲಿಯಲ್ಲಿ ನಡೆಯುವಷ್ಟು ದಿನ ನಡೆಯಲಿ. ಹೊಲದ ಹೆಸರು ಉಳಿಸುವುದು ನಮ್ಮ ಕೈಯಲ್ಲೇ ಇದೆ.