ಕಡಲೆಕಾಯಿಯನ್ನು ಒಣಗಿಸಿದವನಿಗೆ ನ್ಯಾಯವಾದ ಬೆಲೆ

ಕಡಲೆಕಾಯಿಗೆ ಬೂಷ್ಟು ಹಿಡಿದರೆ ರುಚಿ ಮಾತ್ರವೇ ಕೆಡುವುದೆಂದು ಅನೇಕರು ಭಾವಿಸಿರುವರು. ಇದು ತಪ್ಪು. 1960ನೆಯ ಇಸವಿಯಲ್ಲಿ ಇಂಗ್ಲೆಂಡ್ ದೇಶದಲ್ಲಿ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯನ್ನು ತಿಂದು ಲಕ್ಷಕ್ಕೆ ಮೀರಿದ ಟರ್ಕಿಕೋಳಿಗಳು ಸತ್ತುವು. ಆ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರು. ಅದು ಮನುಷ್ಯರ ಯಕೃತ್ತನ್ನು ಕೆಡಿಸತಕ್ಕುದು. ಹುರಿದರೂ ಪೂರ್ಣವಾಗಿ ನಾಶವಾಗದು. ಹಿಂಡಿ ತಿಂದ ಹಸುವಿನ ಹಾಲಿಗೂ ಇಳಿಯುವುದು.

ಇದಕ್ಕೆ ಉಪಾಯವು ಸುಲಭವಾದುದೇ. ಕಿತ್ತ ಕಾಯನ್ನು ತೇವವು ಶೇಕಡ 8ಕ್ಕೆ ಇಳಿಯುವವರೆಗೆ ಒಣಗಿಸತಕ್ಕದ್ದು. ಸುಲಿಯಲು ಅನುಕೂಲವೆಂದು ನೀರು ಚಿಮುಕಿಸಕೂಡದು. ಆದರೆ ಶೇಕಡ 14 ತೇವವುಳ್ಳ 100 ಕಿಲೋ ಕಾಯನ್ನು ಹೀಗೆ ಒಣಗಿಸಿದರೆ ತೂಕದಲ್ಲಿ ಸುಮಾರು ಆರೂವರೆ ಕಿಲೋ ಕಡಮೆಯಾಗುವುದು. ಕಣ್ಣಂದಾಜಿನಿಂದಲೇ ಬೆಲೆ ಕಟ್ಟುವ ಕಡೆಗಳಲ್ಲಿ ಆ ನಷ್ಟವು ಶ್ರಮಪಟ್ಟವನಿಗೇ ತಟ್ಟುವುದು. ಹೀಗಿರುವಲ್ಲಿ ಬರಿಯ ಉಪದೇಶದಿಂದ ಫಲವೇನು?

2006ನೆಯ ಇಸವಿಯ ಆಹಾರ ಸುರಕ್ಷತೆಯ ಕಾಯಿದೆಯ ಮೇರೆಗೆ ಮಾರುವ ಸರಕಿನಲ್ಲಿ ಈ ವಿಷಕ್ಕೆ ಮಿತಿಯುಂಟು. ವಿಷವಾದರೋ ಹೊಲದಲ್ಲಿಯೂ ಕಣದಲ್ಲಿಯೂ ಹುಟ್ಟುವುದು. ಆದುದರಿಂದ ತೂಗುವ ಮುನ್ನ ತೇವಮಾಪಕದಿಂದ ಪರೀಕ್ಷಿಸಿ, ಒಣಗಿದುದಕ್ಕೆ ತಕ್ಕಂತೆ ಬೆಲೆ ಕಟ್ಟುವ ಪದ್ಧತಿಯು ಎಲ್ಲೆಡೆಯೂ ನಡೆಯಬೇಕು. ಗ್ರಾಮದ ಮುಖಂಡರೂ ಜಮೀನ್ದಾರರೂ ಇದನ್ನು ಮಾರುಕಟ್ಟೆ ಸಮಿತಿಯವರಲ್ಲಿ ಒತ್ತಿ ಕೇಳತಕ್ಕದ್ದು. ಊರಿಗೊಂದು ತೇವಮಾಪಕವನ್ನು ಕೊಂಡು ಎಲ್ಲರ ಉಪಯೋಗಕ್ಕೆ ಇಡತಕ್ಕದ್ದು.