ಬಾರದ ರೋಗಿ, ಕಾಯುವ ರೋಗಿ

ನಿಗದಿಯಾದ ವೇಳೆಗೆ ರೋಗಿಯು ಬಾರದೆಹೋದಾಗ ಆಗುವ ನಷ್ಟ ವೈದ್ಯನೊಬ್ಬನದೇ ಅಲ್ಲ. ಆ ವೇಳೆ ತನಗಾದರೂ ದೊರೆಯಬಾರದಿತ್ತೆ ಎಂದು ವಾರಗಟ್ಟಲೆ ಕಾದಿರುವ ಮತ್ತೊಬ್ಬ ರೋಗಿಯದೂ ಹೌದು. ಇಷ್ಟರ ಮಟ್ಟಿಗೆ ಆಸ್ಪತ್ರೆಗಳ ದೂರು ನ್ಯಾಯವಾದುದೇ. ಆದರೆ ಆ ನಷ್ಟವನ್ನು ತುಂಬಿಕೊಳ್ಳಲು ಮಾಡುವ ಉಪಾಯದ ಭಾರ ಯಾರ ಮೇಲೆ ಬೀಳುತ್ತದೆಂಬುದನ್ನು ವಿಚಾರಿಸದೆ ರಚಿಸಿದ ವೇಳಾಪಟ್ಟಿ ಎಷ್ಟೇ ದಕ್ಷವಾಗಿದ್ದರೂ ಧರ್ಮಸಮ್ಮತವೆನಿಸಲಾರದು.

ಈ ವಿಷಯದ ಗಣಿತವಿಚಾರಕ್ಕೆ ತಳಹದಿ ಹಾಕಿದವರು ಬ್ರಿಟನ್ನಿನ ಸಂಖ್ಯಾಶಾಸ್ತ್ರಜ್ಞ ನಾರ್ಮನ್ ಬೈಲಿ. ಅಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ 1948ರಲ್ಲಿ ಸ್ಥಾಪಿತವಾಗಿ ನಾಲ್ಕು ವರ್ಷಗಳಾಗಿದ್ದಾಗ, 1952ರಲ್ಲಿ, ಹೊರರೋಗಿ ವಿಭಾಗಗಳನ್ನು ಕುರಿತ ಅಧ್ಯಯನವನ್ನು ಪ್ರಕಟಿಸಿ, ಆರಂಭಕ್ಕೆ ಇಬ್ಬರು ರೋಗಿಗಳನ್ನು ಕರೆದು ಅನಂತರ ಸರಾಸರಿ ತಪಾಸಣೆಗೆ ಹಿಡಿಯುವಷ್ಟು ಅಂತರದಲ್ಲಿ ಒಬ್ಬೊಬ್ಬರನ್ನೇ ಕರೆಯುವ ಕ್ರಮವನ್ನು ಅವರು ಸೂಚಿಸಿದರು. ವೈದ್ಯನ ಕೆಲವು ನಿಮಿಷಗಳನ್ನು ಉಳಿಸುವುದಕ್ಕಾಗಿ ರೋಗಿಗಳ ಗಂಟೆಗಳನ್ನು ವ್ಯಯ ಮಾಡುತ್ತಿದ್ದ ರೂಢಿಯನ್ನು ತಕ್ಕಡಿಯಲ್ಲಿಟ್ಟು ತೂಗಿದ್ದು ಆ ಅಧ್ಯಯನದ ವಿಶೇಷ.

ಇಂದು ಪ್ರಚುರವಾಗಿರುವ ಉಪಾಯವೆಂದರೆ, ಬಾರದವರನ್ನು ಮುಂಚಿತವಾಗಿಯೇ ಎಣಿಕೆಗೆ ಹಿಡಿದು, ಇರುವ ಅವಕಾಶಕ್ಕಿಂತ ಹೆಚ್ಚು ಮಂದಿಯ ಹೆಸರನ್ನು ಬರೆದುಕೊಳ್ಳುವುದು. ಐವರಲ್ಲಿ ಒಬ್ಬರು ತಪ್ಪಿಸಿಕೊಳ್ಳುವರೆಂದು ಭಾವಿಸಿ, ಹತ್ತು ಮಂದಿಯನ್ನು ನೋಡಬಲ್ಲ ವೈದ್ಯನಿಗೆ ಹನ್ನೆರಡು ಮಂದಿಯನ್ನು ಗೊತ್ತುಮಾಡಿದರೆ, ಸರಾಸರಿಯಲ್ಲಿ ಬರುವವರು ಹತ್ತಕ್ಕೂ ಕಡಿಮೆ. ಲೆಕ್ಕ ಸರಿಹೋದಂತೆಯೇ ತೋರುತ್ತದೆ. ಆದರೆ ಒಬ್ಬರ ಬರವಿಗೂ ಇನ್ನೊಬ್ಬರ ಬರವಿಗೂ ಸಂಬಂಧವಿಲ್ಲವೆಂದು ಎಣಿಸಿದರೆ, ನೂರು ದಿನಗಳಲ್ಲಿ ಸುಮಾರು 27 ದಿನ ಹತ್ತಕ್ಕಿಂತ ಹೆಚ್ಚು ಮಂದಿ ಬರುತ್ತಾರೆ. ಸುಮಾರು ಏಳು ದಿನ ಹನ್ನೆರಡು ಮಂದಿಯೂ ಬಂದು ಕುಳಿತುಬಿಡುತ್ತಾರೆ. ಸರಾಸರಿಯು ಆಡಳಿತಕ್ಕೆ ಸಮಾಧಾನ ನೀಡಬಹುದು. ಆ ದಿನ ಬಂದು ಕುಳಿತ ರೋಗಿಗೆ ಅದರಿಂದ ಯಾವ ಉಪಯೋಗವೂ ಇಲ್ಲ.

ಹಾಗೆ ಕಾಯಬೇಕಾದವರು ಯಾರೆಂಬ ಪ್ರಶ್ನೆಗೆ ಅಮೆರಿಕದಲ್ಲಿ ಮಿಕೇಲೆ ಸಮೊರಾನಿ ಮತ್ತು ಅವರ ಸಂಗಡಿಗರು ನಡೆಸಿದ ಸಂಶೋಧನೆ ಕಳವಳಕಾರಿಯಾದ ಉತ್ತರವನ್ನು ಕೊಟ್ಟಿದೆ. ಯಾರು ತಪ್ಪಿಸಿಕೊಳ್ಳುವ ಸಂಭವ ಹೆಚ್ಚೆಂಬುದನ್ನು ಹಳೆಯ ದಾಖಲೆಗಳಿಂದ ಕಂಪ್ಯೂಟರ್ ಊಹಿಸಿ, ಅಂಥವರನ್ನು ಜೋಡಿಯಾಗಿ ಒಂದೇ ವೇಳೆಗೆ ಕರೆಯುವ ಪದ್ಧತಿಯಲ್ಲಿ, ಕಪ್ಪು ಜನಾಂಗದ ರೋಗಿಗಳು ಉಳಿದವರಿಗಿಂತ ಸುಮಾರು ಶೇ 30ರಷ್ಟು ಹೆಚ್ಚು ಹೊತ್ತು ಕಾಯಬೇಕಾಗುತ್ತಿತ್ತು. ವಾಹನವಿಲ್ಲದವನು, ರಜೆ ದೊರೆಯದವನು, ಮಗುವನ್ನು ಬಿಟ್ಟುಬರಲು ಮನೆಯಲ್ಲಿ ಯಾರೂ ಇಲ್ಲದವಳು ಹಿಂದೆ ತಪ್ಪಿಸಿಕೊಂಡ ಕಾರಣಕ್ಕೆ, ಈ ಸಲ ಕಷ್ಟಪಟ್ಟು ಬಂದರೂ ದಂಡ ತೆರಬೇಕಾಗುವುದೆಂದರೆ, ಬಡತನಕ್ಕೇ ಶಿಕ್ಷೆ ವಿಧಿಸಿದಂತಾಯಿತು. ಹೆಚ್ಚು ಕಾಯುವ ವರ್ಗದವರ ಕಾಯುವಿಕೆಯನ್ನು ತಗ್ಗಿಸುವುದೇ ಗುರಿಯೆಂದು ಪಟ್ಟಿಯನ್ನು ರಚಿಸಿದರೆ, ದಕ್ಷತೆಗೆ ಹೇಳಿಕೊಳ್ಳುವಂಥ ಹಾನಿಯಿಲ್ಲದೆಯೇ ಈ ಅಂತರವನ್ನು ನಿವಾರಿಸಬಹುದೆಂಬುದನ್ನೂ ಅವರೇ ತೋರಿಸಿರುವುದು ಆಶಾದಾಯಕ.

ದಂಡದ ಮಾತು ಪ್ರತ್ಯಕ್ಷವಾಗಿಯೂ ಬಂದದ್ದುಂಟು. 2022ರಲ್ಲಿ ಬ್ರಿಟನ್ನಿನ ಕನ್ಸರ್ವೇಟಿವ್ ಪಕ್ಷದ ನಾಯಕತ್ವಕ್ಕೆ ಸ್ಪರ್ಧಿಸಿದ್ದ ರಿಷಿ ಸುನಕ್, ಭೇಟಿ ತಪ್ಪಿಸಿದವರಿಗೆ 10 ಪೌಂಡ್ ವಿಧಿಸುವ ಯೋಜನೆಯನ್ನು ಮುಂದಿಟ್ಟು, ಪ್ರಧಾನಿಯಾದ ಮೇಲೆ ಅದನ್ನು ಕೈಬಿಟ್ಟರು. ಅದಕ್ಕಿಂತ ಸೌಮ್ಯವಾದ ಮಾರ್ಗವೊಂದು ಲಂಡನ್ನಿನ ಬಾರ್ಟ್ಸ್ ಆಸ್ಪತ್ರೆ ಸಮೂಹದಲ್ಲಿ ಆಗಲೇ ಪರೀಕ್ಷಿತವಾಗಿತ್ತು. ಒಂದು ಭೇಟಿ ತಪ್ಪಿದರೆ ಆರೋಗ್ಯ ಸೇವೆಗೆ ಸುಮಾರು 160 ಪೌಂಡ್ ನಷ್ಟವಾಗುವುದೆಂಬ ಒಂದು ವಾಕ್ಯವನ್ನು ಭೇಟಿಯನ್ನು ನೆನಪಿಸುವ ಮೊಬೈಲ್ ಸಂದೇಶಕ್ಕೆ ಸೇರಿಸಿದಾಗ, ಶೇ 11.1ರಷ್ಟಿದ್ದ ಗೈರುಹಾಜರಿ ಶೇ 8.4ಕ್ಕೆ ಇಳಿಯಿತೆಂದು 2015ರಲ್ಲಿ ಪ್ರಕಟವಾದ ವರದಿ ತಿಳಿಸುತ್ತದೆ.

ಆದರೂ ನೆನಪೋಲೆಯಿಂದಲೇ ಎಲ್ಲವೂ ಸರಿಹೋಗದು. ಏಕೆಂದರೆ ರೋಗದ ಮೂಲ ಮರೆವಿಗಿಂತ ವಿಳಂಬದಲ್ಲಿದೆ. ಎರಡು ತಿಂಗಳ ಮುಂದಿನ ದಿನವನ್ನು ಕೊಟ್ಟರೆ, ಅಷ್ಟರೊಳಗೆ ಕಾಯಿಲೆ ವಾಸಿಯಾಗಬಹುದು, ಉಲ್ಬಣಿಸಬಹುದು, ರೋಗಿ ಬೇರೆ ವೈದ್ಯರನ್ನು ಕಂಡಿರಬಹುದು. ಬಾರದವರು ಹೆಚ್ಚಿದಂತೆಲ್ಲ ಅವರಿಗೆ ಮತ್ತೆ ದಿನ ಗೊತ್ತುಮಾಡಬೇಕಾಗಿ ಸರದಿ ಇನ್ನಷ್ಟು ಉದ್ದವಾಗುತ್ತದೆ. ಕ್ಯಾಲಿಫೋರ್ನಿಯಾದ ಕೈಸರ್ ಪರ್ಮನೆಂಟೆ ಸಂಸ್ಥೆಯಲ್ಲಿ ವೈದ್ಯ ಮಾರ್ಕ್ ಮರ್ರೇ ಈ ವರ್ತುಲವನ್ನು ಮುರಿಯಲು ಹೊರಟು, ಬಾಕಿಯನ್ನು ತೀರಿಸಿ, ದಿನದ ಬಹುಭಾಗವನ್ನು ಅಂದಂದೇ ಕರೆಮಾಡಿದವರಿಗೆಂದು ತೆರೆದಿಟ್ಟಾಗ, 55 ದಿನಗಳ ಕಾಯುವಿಕೆ ಒಂದು ವರ್ಷದೊಳಗಾಗಿ ಒಂದೇ ದಿನಕ್ಕೆ ಇಳಿಯಿತು. ಬೇಡಿಕೆಗೆ ತಕ್ಕಷ್ಟು ವೈದ್ಯರಿಲ್ಲದೆಡೆ ಈ ಕ್ರಮ ನಿಲ್ಲಲಾರದೆಂಬುದು ನಿಜ. ಆದರೆ ಎಲ್ಲಿ ಬೇಡಿಕೆಯೂ ಶಕ್ತಿಯೂ ಸರಿಸಮವಾಗಿದ್ದು ಹಳೆಯ ಬಾಕಿಯೊಂದೇ ಅಡ್ಡವಾಗಿದೆಯೋ ಅಲ್ಲಿ ಇದಕ್ಕಿಂತ ಉತ್ತಮವಾದ ಮದ್ದು ಕಾಣದು.

ಚೀಟಿಯ ಸಾಲಿನಿಂದ ಆನ್‌ಲೈನ್ ಅಪಾಯಿಂಟ್‌ಮೆಂಟಿಗೆ ಸಾಗುತ್ತಿರುವ ನಮ್ಮ ಆಸ್ಪತ್ರೆಗಳು ಈ ಅನುಭವದಿಂದ ಕಲಿಯಬೇಕಾದದ್ದು ಪರಿಹಾರಗಳ ಅನುಕ್ರಮವನ್ನು. ಮೊದಲು ವಿಳಂಬವನ್ನು ಕುಗ್ಗಿಸಬೇಕು. ಬರಲಾಗದವನು ಒಂದು ಫೋನ್ ಕರೆಯಿಂದ ತನ್ನ ವೇಳೆಯನ್ನು ಬಿಟ್ಟುಕೊಡುವಂತಿರಬೇಕು. ನೆನಪೋಲೆ ಅವನು ಓದಬಲ್ಲ ಭಾಷೆಯಲ್ಲಿ ಹೋಗಬೇಕು. ದಿನಗೂಲಿಯನ್ನು ಬಿಟ್ಟು ದೂರದ ಹಳ್ಳಿಯಿಂದ ಬರುವವನಿಗೆ ಬಸ್ಸಿನ ವೇಳೆಗೆ ಹೊಂದುವ ಸಮಯ ದೊರೆಯಬೇಕು. ಇಷ್ಟೆಲ್ಲವನ್ನೂ ಮಾಡಿದ ಮೇಲೆಯೂ ಹೆಚ್ಚು ಹೆಸರುಗಳನ್ನು ಬರೆದುಕೊಳ್ಳುವುದು ಅನಿವಾರ್ಯವಾದರೆ, ಆ ಅನಿಶ್ಚಯದ ಭಾರವನ್ನು ಎಲ್ಲ ರೋಗಿಗಳೂ ಸಮನಾಗಿ ಹಂಚಿಕೊಳ್ಳುವಂತೆ ಪಟ್ಟಿಯನ್ನು ರಚಿಸಬೇಕು. ಯಾರ ಕಾಲಕ್ಕೆ ಸಮಾಜವು ಬೆಲೆ ಕಟ್ಟುವುದನ್ನು ಮರೆತಿದೆಯೋ ಅವರ ಕಾಲವನ್ನೇ ಮೊದಲು ಕಾಯುವುದು ಸಾರ್ವಜನಿಕ ಆಸ್ಪತ್ರೆಯ ಕರ್ತವ್ಯ.