ಭರ್ತಿಗೆ ಅಡ್ಡ ಬರುವ ಹಳೇ ಕೇಸು

ಖಾನಾಪುರ ತಾಲ್ಲೂಕಿನ ಹಳ್ಳಿ ಹುಡುಗರಲ್ಲಿ ಅನೇಕರ ಕಣ್ಣು ಮಿಲ್ಟ್ರಿ ಭರ್ತಿಯ ಮೇಲೆ. ಮರಾಠಾ ಲಘು ಪದಾತಿದಳದ ಕೇಂದ್ರ ಬೆಳಗಾವಿಯಲ್ಲೇ ಇದೆ. ಅಣ್ಣನೋ ಕಾಕಾನೋ ಫೌಜಿಗೆ ಹೋದ ಮನೆಗಳಿಗೆ ಇಲ್ಲಿ ಬರವಿಲ್ಲ. 1,600 ಮೀಟರನ್ನು ಐದೂವರೆ ನಿಮಿಷದಲ್ಲಿ ಓಡಿ ಮುಗಿಸಿದವನೂ ಕೊನೆಗೆ ಒಂದು ಫಾರಂ ಮುಂದೆ ಕೂರಲೇಬೇಕು. ಎಂದಾದರೂ ಬಂಧನವಾಗಿತ್ತೇ, ಮೊಕದ್ದಮೆ ಇತ್ತೇ ಎಂದು ಅದು ಕೇಳುತ್ತದೆ. ಹೌದು ಎಂದರೆ ಕೆಲಸ ಕೈತಪ್ಪುವ ಭಯ. ಇಲ್ಲ ಎಂದರೆ ಪೊಲೀಸ್ ವೆರಿಫಿಕೇಶನ್‌ನಲ್ಲಿ ಸಿಕ್ಕಿಬಿದ್ದು, ಮಾಹಿತಿ ಮುಚ್ಚಿಟ್ಟ ಆರೋಪ ಬೇರೆ.

2022ರ ಜೂನ್‌ನಲ್ಲಿ ಸೇನಾ ಭರ್ತಿಯ ಅಗ್ನಿಪಥ ಯೋಜನೆ ವಿರೋಧಿಸಿ ದೇಶದ ಹಲವೆಡೆ ಯುವಕರು ಬೀದಿಗಿಳಿದರು. ಖಾನಾಪುರದಲ್ಲೂ ಪ್ರತಿಭಟನೆ ನಡೆಯಿತು. ಜೂನ್ 19ರಂದು, ಆಗ ಸೇನಾ ವ್ಯವಹಾರಗಳ ಇಲಾಖೆಯಲ್ಲಿದ್ದ ಲೆಫ್ಟಿನೆಂಟ್ ಜನರಲ್ ಅನಿಲ್ ಪುರಿ ಕಡ್ಡಿ ಮುರಿದಂತೆ ಹೇಳಿದರು: ಎಫ್‌ಐಆರ್ ಇದ್ದವರಿಗೆ ಸೇನೆಯಲ್ಲಿ ಜಾಗವಿಲ್ಲ. ಶಿಕ್ಷೆಯಾಗಬೇಕಿಲ್ಲ, ಆರೋಪಪಟ್ಟಿಯೂ ಬೇಕಿಲ್ಲ, ಬರೀ ಎಫ್‌ಐಆರ್ ಸಾಕು. ನವೆಂಬರ್ 1 ಬಂದರೆ ಒಂದು ಬೀದಿಯಲ್ಲಿ ರಾಜ್ಯೋತ್ಸವ, ಇನ್ನೊಂದರಲ್ಲಿ ಮಹಾರಾಷ್ಟ್ರಕ್ಕೆ ಸೇರಬೇಕೆನ್ನುವವರ ಕರಾಳ ದಿನ ಆಚರಿಸುವ ಗಡಿ ಊರಿಗೆ ಈ ಮಾತು ಉಳಿದೆಲ್ಲ ಊರುಗಳಿಗಿಂತ ಹೆಚ್ಚು ತಟ್ಟುತ್ತದೆ. ಭಾಷಣ ಮಾಡಿದ ಮುಖಂಡರಿಗೆ ಭರ್ತಿಯ ವಯಸ್ಸು ಎಂದೋ ಮೀರಿರುತ್ತದೆ. ಕೇಸ್ ಬಿದ್ದು ಭವಿಷ್ಯ ಕಳೆದುಕೊಳ್ಳುವವರು ಹಿಂದೆ ಘೋಷಣೆ ಕೂಗುತ್ತ ಹೋದ ಹುಡುಗರು.

ಹದಿನೆಂಟರೊಳಗಿನವರ ಮಟ್ಟಿಗೆ ಕಾನೂನು ಉದಾರವಾಗಿಯೇ ಇದೆ. 2015ರ ಬಾಲನ್ಯಾಯ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ಬಾಲಾಪರಾಧ ಯಾವ ಅನರ್ಹತೆಗೂ ಕಾರಣವಾಗಕೂಡದು. ದಾಖಲೆಯನ್ನು ಮೇಲ್ಮನವಿ ಅವಧಿ ಅಥವಾ ಏಳು ವರ್ಷದ ತನಕ ಇಟ್ಟು ನಾಶಪಡಿಸಬೇಕೆಂದು 2016ರ ಮಾದರಿ ನಿಯಮ ಹೇಳುತ್ತದೆ. ಮುಗಿದ ಪ್ರಕರಣವನ್ನು ನಡತೆ ಪ್ರಮಾಣಪತ್ರಕ್ಕಾಗಿ ಪೊಲೀಸರು ಹೊರಗೆಡಹುವಂತಿಲ್ಲ ಎನ್ನುತ್ತದೆ 74ನೇ ಸೆಕ್ಷನ್. ಹದಿನಾರು ದಾಟಿ, ಘೋರ ಅಪರಾಧಕ್ಕಾಗಿ ವಯಸ್ಕರಂತೆ ವಿಚಾರಣೆ ಎದುರಿಸಿ ತಪ್ಪಿತಸ್ಥರೆನಿಸಿದವರಿಗೆ ಈ ರಿಯಾಯಿತಿ ಇಲ್ಲ, ಇರಲೂಬಾರದು.

ಅಪಾಯ ಕಾಣುತ್ತಿರುವುದು ಬೇರೆ ಕಡೆ. ಕಡತ ಸುಡುವುದು ಸುಲಭ. ಠಾಣೆಯ ಕಂಪ್ಯೂಟರಿನಿಂದ ದೇಶದ ಠಾಣೆಗಳನ್ನು ಬೆಸೆಯುವ ಸಿಸಿಟಿಎನ್‌ಎಸ್ ಜಾಲ ಸೇರಿದ ಹೆಸರನ್ನು ಏಳು ವರ್ಷದ ನಂತರ ಹುಡುಕಿ ಅಳಿಸುವ ಹೊಣೆ ಯಾರದು? ಇದರ ಜೊತೆಗೆ 2022ರ ಕ್ರಿಮಿನಲ್ ಪ್ರೊಸೀಜರ್ (ಗುರುತಿಸುವಿಕೆ) ಕಾಯ್ದೆ ಬಂದಿದೆ. ಬೆರಳಚ್ಚು, ಕಣ್ಣಿನ ಸ್ಕ್ಯಾನ್ ಮುಂತಾದವನ್ನು 75 ವರ್ಷ ಇಡಲು ಅದರಲ್ಲಿ ಅವಕಾಶವಿದೆ. ಹಿಂದೆ ಶಿಕ್ಷೆಯಾಗಿರದವನು ಖುಲಾಸೆಯಾದರೆ ಅಳಿಸಬೇಕೆಂದೂ ಹೇಳಿದೆ, ನಿಜ. ಆದರೆ ಸಣ್ಣ ಕೇಸಿನಲ್ಲಿ ದಂಡ ಕಟ್ಟಿ ಹೊರಬಂದವನ ಗತಿ?

ಹದಿನೆಂಟು ತುಂಬಿ ಒಂದು ದಿನವಾಗಿದ್ದರೂ ಬಾಲನ್ಯಾಯದ ಬಾಗಿಲು ಮುಚ್ಚಿತು. ವಯಸ್ಕರಿಗೂ ದಾರಿ ಇರಲೆಂದು ಬ್ರಿಟನ್ 1974ರಲ್ಲೇ ಕಾಯ್ದೆ ತಂದು, ನಿಗದಿತ ವರ್ಷ ತಪ್ಪು ಮಾಡದೆ ಬಾಳಿದವನ ಹಳೇ ಶಿಕ್ಷೆಯನ್ನು ಬಹುತೇಕ ಕೆಲಸಗಳಿಗೆ ಲೆಕ್ಕಕ್ಕಿಲ್ಲದಂತೆ ಮಾಡಿತು. ನಮ್ಮಲ್ಲಿರುವುದು 1958ರ ಪ್ರೊಬೇಷನ್ ಕಾಯ್ದೆಯ ಕಿರಿದಾದ ದಾರಿ, ಮತ್ತೆ ಸುಪ್ರೀಂ ಕೋರ್ಟಿನ 2016ರ ಅವತಾರ್ ಸಿಂಗ್ ತೀರ್ಪು. ಎಳೆ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಕ್ಷುಲ್ಲಕ ಪ್ರಕರಣವನ್ನು ಮುಚ್ಚಿಟ್ಟಿದ್ದರೂ ಉದ್ಯೋಗದಾತ ಕ್ಷಮಿಸಬಹುದು ಎಂದಿತು ಕೋರ್ಟು. ಕ್ಷಮಿಸಲೇಬೇಕು ಎನ್ನಲಿಲ್ಲ.

ಸಂಪುಟದಲ್ಲಿ ಕೇಸ್ ವಾಪಸ್ ಪಡೆಯುವ ರಾಜಕೀಯ ದಾರಿಯನ್ನು ನಂಬಿ ಕೂರುವಂತಿಲ್ಲ. ಹಳೇ ಹುಬ್ಬಳ್ಳಿ ಗಲಭೆ ಸೇರಿ 43 ಪ್ರಕರಣ ಹಿಂಪಡೆಯುವ ಸರ್ಕಾರದ ಆದೇಶವನ್ನು ಹೈಕೋರ್ಟ್ 2025ರ ಮೇನಲ್ಲಿ ರದ್ದು ಮಾಡಿತು. ವಶೀಲಿ ಇದ್ದವರ ಹೆಸರು ಮಾತ್ರ ಸೇರುವ ಪಟ್ಟಿಗಿಂತ ಎಲ್ಲರಿಗೂ ಅನ್ವಯಿಸುವ ನಿಯಮವೇ ಲೇಸು: ಸಣ್ಣ ಅಪರಾಧ, ನಿಗದಿತ ವರ್ಷ, ಸಂತ್ರಸ್ತರ ಅಹವಾಲು ಕೇಳಿ ಕೋರ್ಟಿನಿಂದಲೇ ಮುಕ್ತಿ. ದಂಡಸಂಹಿತೆ, ದಂಡಪ್ರಕ್ರಿಯೆ ಎರಡೂ ಸಮವರ್ತಿ ಪಟ್ಟಿಯಲ್ಲಿವೆ. ರಾಜ್ಯದ ಕೈ ಕಟ್ಟಿಲ್ಲ.

ಸುವರ್ಣ ವಿಧಾನಸೌಧದಲ್ಲಿ ಮುಂದಿನ ಅಧಿವೇಶನ ಸೇರಿದಾಗ ಬೆಳಗಾವಿ, ಖಾನಾಪುರದ ಶಾಸಕರು ಗೃಹ ಸಚಿವರನ್ನು ಇಷ್ಟನ್ನಾದರೂ ಕೇಳಲಿ: ಈ ಜಿಲ್ಲೆಯಲ್ಲಿ ಏಳು ವರ್ಷ ಮೀರಿದ ಬಾಲಾಪರಾಧ ದಾಖಲೆಗಳೆಷ್ಟು, ಅವುಗಳಲ್ಲಿ ಕಂಪ್ಯೂಟರಿನಿಂದಲೂ ಅಳಿಸಿದ್ದು ಎಷ್ಟು?